ಬಲ್ಬಿನ ಆಯಸ್ಸು, ಸರ್ವರಿನ ಆಯಸ್ಸು

ಹೋದ ಮಳೆಗಾಲದ ಒಂದು ರಾತ್ರಿ ಹನ್ನೊಂದೂವರೆಗೆ ಊರಿಂದ ಅಮ್ಮನ ಫೋನ್ ಬಂತು. ಆ ಹೊತ್ತಿನಲ್ಲಿ ಊರಿನ ಫೋನ್ ಅಂದರೆ ಎದೆ ಧಸಕ್ ಅನ್ನುತ್ತೆ. "ಏನಿಲ್ಲ ಕಣೋ, ಪಡಸಾಲೆ ದೀಪ ಹತ್ತುತ್ತಾ ಇಲ್ಲ. ಅಜ್ಜಿ ಗೋಡೆ ಹಿಡ್ಕೊಂಡು ಕತ್ತಲಲ್ಲಿ ನಿಂತಿದ್ಲು. ನಾನು ನೋಡದೇ ಇದ್ದಿದ್ರೆ ಬಿದ್ದೇ ಬಿಡ್ತಿದ್ಲು" ಅಂದಳು.

ಅಪರಾಧಿ ನಾನೇ. ಯುಗಾದಿಗೆ ಹೋದಾಗ ಪಡಸಾಲೆಗೂ ಬಚ್ಚಲ ದಾರಿಗೂ ಎರಡು ಅಗ್ಗದ ವೈಫೈ ಬಲ್ಬು ಹಾಕಿ, ಒಂದು ಸೆನ್ಸರ್ ಅಂಟಿಸಿ ಬಂದಿದ್ದೆ. ಅಜ್ಜಿ ಎದ್ದು ನಡೆದರೆ ದೀಪ ತಾನೇ ಹತ್ತಬೇಕು, ಹಾಗೆ. ಯಾರೂ ಅಕಸ್ಮಾತ್ ಆರಿಸಬಾರದು ಅಂತ ಗೋಡೆಯ ಸ್ವಿಚ್ಚಿನ ಮೇಲೆ ಇನ್ಸುಲೇಷನ್ ಟೇಪ್ ಬೇರೆ ಸುತ್ತಿದ್ದೆ (ನಗಬೇಡಿ, ಸ್ಮಾರ್ಟ್ ಬಲ್ಬ್ ಇರುವ ಅರ್ಧ ಮನೆಗಳಲ್ಲಿ ಈ ಟೇಪ್ ಇರುತ್ತೆ). ಅವತ್ತು ಮಳೆಗೆ ಇಂಟರ್ನೆಟ್ ಕೇಬಲ್ ಎಲ್ಲೋ ಹರಿದಿತ್ತು. ಕರೆಂಟ್ ಇತ್ತು, ಬಲ್ಬ್ ಸರಿಯಿತ್ತು, ಸೆನ್ಸರ್ ಕೂಡ ಸರಿಯಿತ್ತು. ಅಜ್ಜಿಯ ಪಾದಕ್ಕೂ ತಲೆಯ ಮೇಲಿನ ದೀಪಕ್ಕೂ ನಡುವೆ ಯಾವುದೋ ದೇಶದ ಒಂದು ಸರ್ವರ್ ಇತ್ತು, ಅದು ಮಾತ್ರ ಸಿಗುತ್ತಿರಲಿಲ್ಲ. ಅಮ್ಮ ಉಗುರಲ್ಲಿ ಟೇಪ್ ಕಿತ್ತು ಸ್ವಿಚ್ ಆಫ್ ಮಾಡಿ ಆನ್ ಮಾಡಿದಳು. ದೀಪ ಬಂತು.

ಆಮೇಲೆ ನಂಬಿಕಸ್ಥ ಬಲ್ಬ್ ಯಾವುದು ಅಂತ ಹುಡುಕಲು ಕೂತವನು, ನನ್ನ ಹಳೇ ಚಟದಂತೆ, ಬಲ್ಬಿನ ಚರಿತ್ರೆಯೊಳಗೆ ಬಿದ್ದೆ. ಅದನ್ನೇ ಇಲ್ಲಿ ಹೇಳ್ತಿದ್ದೀನಿ.

ಶುರು ನಮ್ಮಲ್ಲಿಂದಲೇ ಮಾಡೋಣ. ಶಿವನಸಮುದ್ರದ ವಿದ್ಯುತ್ತು ಮೊದಲು ಹರಿದದ್ದು ಬೆಂಗಳೂರಿಗಲ್ಲ, ಕೋಲಾರದ ಚಿನ್ನದ ಗಣಿಗೆ, 1902ರಲ್ಲಿ, ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ. ಅದಕ್ಕಾಗಿ ಓಡಾಡಿದ ದಿವಾನ್ ಶೇಷಾದ್ರಿ ಅಯ್ಯರ್ ಅದನ್ನು ನೋಡಲು ಉಳಿದಿರಲಿಲ್ಲ, ಹಿಂದಿನ ವರ್ಷವೇ ತೀರಿಕೊಂಡಿದ್ದರು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರ ಆಗಸ್ಟ್‌ನಲ್ಲಿ. "ಏಷ್ಯಾದಲ್ಲೇ ಮೊದಲು" ಅಂತ ನಾವು ಎದೆಯುಬ್ಬಿಸಿ ಹೇಳ್ತೀವಲ್ಲ, ಅದು ಸ್ವಲ್ಪ ಜಾಸ್ತಿಯಾಯ್ತು. ಟೋಕಿಯೋದ ಗಿಂಜಾ ಬೀದಿಯಲ್ಲಿ 1882ರಲ್ಲೇ ಆರ್ಕ್ ದೀಪ ಉರಿದಿತ್ತು, ಡಾರ್ಜಿಲಿಂಗಿಗೆ 1897ರಲ್ಲಿ, ಕಲ್ಕತ್ತೆಗೆ 1899ರಲ್ಲಿ ವಿದ್ಯುತ್ ಬಂದಿತ್ತು. ಅಷ್ಟು ದೂರ ತಂತಿ ಎಳೆದದ್ದೇ ಆ ಕಾಲಕ್ಕೆ ಹೆಮ್ಮೆಪಡುವ ಸಂಗತಿ, ಸುಳ್ಳು ಸೇರಿಸುವ ಅಗತ್ಯ ಇಲ್ಲ. ಆಮೇಲೆ 1936ರಲ್ಲಿ ಬೆಂಗಳೂರಿನಲ್ಲೇ ಮೈಸೂರ್ ಲ್ಯಾಂಪ್ಸ್ ಶುರುವಾಯಿತು, 2003ರಲ್ಲಿ ನಿಂತೂ ಹೋಯಿತು. ನಮ್ಮಜ್ಜಿ ಈಗಲೂ ಯಾವ ಕಂಪನಿಯ ಬಲ್ಬಿಗೂ "ಮೈಸೂರ್ ಲ್ಯಾಂಪು" ಅಂತಲೇ ಅನ್ನೋದು.

ಹಳೇ ಬುರುಡೆ ಬಲ್ಬು ಎಷ್ಟು ದಿನ ಬಾಳುತ್ತಿತ್ತು? ಅಮೆರಿಕದ ಕ್ಯಾಲಿಫೋರ್ನಿಯಾದ ಲಿವರ್‌ಮೋರ್ ಎಂಬ ಊರಿನ ಅಗ್ನಿಶಾಮಕ ಠಾಣೆಯಲ್ಲಿ 1901ರಿಂದ ಒಂದು ಬಲ್ಬ್ ಉರಿಯುತ್ತಲೇ ಇದೆ. ಒಹಾಯೋದ ಶೆಲ್ಬಿ ಕಂಪನಿಯದು, ಇಂಗಾಲದ ತಂತಿಯದು. 2013ರಲ್ಲಿ ಒಂದು ದಿನ ಅದು ಆರಿತು. ಕೊನೆಗೂ ಹೋಯ್ತು ಅಂತ ಎಲ್ಲರೂ ಅಂದುಕೊಂಡರು. ನೋಡಿದರೆ ಹೋಗಿದ್ದು ಬಲ್ಬಲ್ಲ, ಅದನ್ನ ಕಾಪಾಡಲಿಕ್ಕೆ ಅಂತ ಇಟ್ಟಿದ್ದ ಯುಪಿಎಸ್! ಯುಪಿಎಸ್ ಬಿಟ್ಟು ನೇರ ಕರೆಂಟ್ ಕೊಟ್ಟರೆ ಮತ್ತೆ ಹತ್ತಿತು. ಇದನ್ನ ಓದಿದಾಗ ನನಗೆ ಅಜ್ಜಿಯ ಪಡಸಾಲೆ ನೆನಪಾಯಿತು.

ಈ ಬಲ್ಬನ್ನ ತೋರಿಸಿ "ನೋಡಿ, ಕಂಪನಿಗಳು ಬೇಕಂತಲೇ ಬಲ್ಬಿನ ಆಯಸ್ಸು ಕಡಿಮೆ ಮಾಡಿದವು" ಅನ್ನುವ ಕಥೆ ನೀವೂ ಕೇಳಿರಬಹುದು. ಆ ಕಥೆ ಪೂರ್ತಿ ಸುಳ್ಳಲ್ಲ. 1924ರ ಡಿಸೆಂಬರಿನಲ್ಲಿ ಜಿನೀವಾದಲ್ಲಿ ಜರ್ಮನಿಯ ಓಸ್ರಾಮ್, ಹಾಲೆಂಡಿನ ಫಿಲಿಪ್ಸ್, ಫ್ರಾನ್ಸಿನ ಕಂಪನಿ, ಜಪಾನಿನ ಟೋಕಿಯೋ ಎಲೆಕ್ಟ್ರಿಕ್, ಜನರಲ್ ಎಲೆಕ್ಟ್ರಿಕ್‌ನ ಹೊರದೇಶದ ಕಂಪನಿಗಳು ಇವೆಲ್ಲ ಸೇರಿ ಫೀಬಸ್ ಅನ್ನುವ ಒಕ್ಕೂಟ ಕಟ್ಟಿಕೊಂಡವು. ಮಾರುಕಟ್ಟೆಯನ್ನ ಹಂಚಿಕೊಂಡವು. ಜೊತೆಗೆ ಒಂದು ನಿಯಮ: ಮನೆ ಬಲ್ಬು 1,000 ಗಂಟೆ ಉರಿದರೆ ಸಾಕು. ಅದಕ್ಕೂ ಮುಂಚೆ 1,500, 2,000 ಗಂಟೆ ಬಾಳುವ ಬಲ್ಬುಗಳಿದ್ದವು. ಪ್ರತಿ ಕಾರ್ಖಾನೆಯೂ ಸ್ಯಾಂಪಲ್ ಬಲ್ಬನ್ನ ಸ್ವಿಟ್ಜರ್ಲೆಂಡಿನ ಲ್ಯಾಬಿಗೆ ಕಳಿಸಬೇಕು, ಜಾಸ್ತಿ ದಿನ ಬಾಳಿದರೆ ದಂಡ ಕಟ್ಟಬೇಕು. ನಮ್ಮ ಕೆಲಸದಲ್ಲಿ ಬಗ್ ಇದ್ದರೆ ಬೈಸಿಕೊಳ್ತೀವಿ, ಅಲ್ಲಿ ಬಗ್ ಇಲ್ಲದಿದ್ದರೆ ಬೈಸಿಕೊಳ್ಳಬೇಕಿತ್ತು. 1955ರವರೆಗೆ ಅಂತ ಮಾಡಿಕೊಂಡ ಒಪ್ಪಂದ ಎರಡನೇ ಮಹಾಯುದ್ಧದ ಹೊಡೆತಕ್ಕೆ ಮುರಿದು ಬಿತ್ತು.

ಆದರೆ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ತಂತಿ ಜಾಸ್ತಿ ಕಾದಷ್ಟೂ ಅದೇ ಕರೆಂಟಿಗೆ ಜಾಸ್ತಿ ಬೆಳಕು, ಆದರೆ ಆಯಸ್ಸು ಕಡಿಮೆ. ತಂಪಾಗಿ ಉರಿಸಿದರೆ ದೀರ್ಘಾಯಸ್ಸು, ಮಂಕು ಬೆಳಕು, ಜಾಸ್ತಿ ಬಿಲ್ಲು. ಲಿವರ್‌ಮೋರಿನ ಮುದುಕ ಬಲ್ಬು ಈಗ ಕೊಡುವುದು ಸುಮಾರು 4 ವ್ಯಾಟಿನ ಮಿಣುಕು. ಅದರ ಕೆಳಗೆ ಕೂತು ಪೇಪರ್ ಓದಲಿಕ್ಕಾಗಲ್ಲ. ಬ್ರಿಟನ್ನಿನ ಏಕಸ್ವಾಮ್ಯ ಆಯೋಗ 1951ರಲ್ಲಿ ಇದನ್ನ ವಿಚಾರಣೆ ಮಾಡಿ, ಸಾಮಾನ್ಯ ಬಳಕೆಗೆ 1,000 ಗಂಟೆ ಅನ್ಯಾಯದ ಲೆಕ್ಕವೇನಲ್ಲ ಅಂತಲೇ ಅಭಿಪ್ರಾಯ ಪಟ್ಟಿತು. ನನಗನ್ನಿಸೋದು: ಲೆಕ್ಕ ಸರಿಯಿದ್ದಿರಬಹುದು, ಬಾಗಿಲು ಮುಚ್ಚಿಕೊಂಡು ಲೆಕ್ಕ ಹಾಕಿದ್ದು ತಪ್ಪು. ಎಷ್ಟು ದಿನ ಬಾಳಬೇಕು ಅನ್ನುವ ತೀರ್ಮಾನ ಕೊಂಡವನ ಕೈಯಲ್ಲಿ ಇರಲಿಲ್ಲ. ಈ ಮಾತು ಮತ್ತೆ ಬರುತ್ತೆ.

ದೀಪಕ್ಕೆ ಬುದ್ಧಿ ಕೊಡುವ ಕೆಲಸ ಶುರುವಾಗಿದ್ದು ಸ್ಕಾಟ್ಲೆಂಡಿನ ಗ್ಲೆನ್‌ರಾತಿಸ್ ಅನ್ನುವ ಊರಿನಲ್ಲಿ. ಪೀಕೋ ಎಲೆಕ್ಟ್ರಾನಿಕ್ಸ್ ಅನ್ನುವ ಪುಟ್ಟ ಕಂಪನಿ 1975ರಲ್ಲಿ ಎಕ್ಸ್-10 ಮಾಡಿತು (ಅವರ ಹತ್ತನೇ ಪ್ರಾಜೆಕ್ಟು, ಹೆಸರಿಡುವುದರಲ್ಲಿ ಎಂಜಿನಿಯರುಗಳು ಅವತ್ತೂ ಅಷ್ಟೇ). ಹೊಸ ತಂತಿ ಎಳೆಯುವ ಗೋಜಿಲ್ಲ, ಮನೆಯಲ್ಲಿರುವ ಕರೆಂಟ್ ವೈರಿನ ಮೇಲೆಯೇ ಸಂದೇಶ. ಎಸಿ ಅಲೆ ಸೊನ್ನೆ ದಾಟುವ ಕ್ಷಣದಲ್ಲಿ ಗದ್ದಲ ಕಡಿಮೆ ಇರುತ್ತಲ್ಲ, ಆಗ 120 ಕಿಲೋಹರ್ಟ್ಸಿನ ಒಂದು ಚುಟುಕು ಸದ್ದು ಬಂದರೆ ಒಂದು, ಬರದಿದ್ದರೆ ಸೊನ್ನೆ. 16 ಮನೆ ಸಂಕೇತ, 16 ಯಂತ್ರ ಸಂಕೇತ, ಒಟ್ಟು 256 ವಿಳಾಸ. ಎಷ್ಟು ಚೆಂದದ ಉಪಾಯ! ಆದರೆ ಮೂಲ ಎಕ್ಸ್-10ರಲ್ಲಿ ದೀಪ ತಿರುಗಿ ಉತ್ತರ ಕೊಡುತ್ತಿರಲಿಲ್ಲ. "ಹತ್ತು" ಅಂತ ಹೇಳಿ, ಹತ್ತಿದೆ ಅಂತ ನಂಬಿಕೊಳ್ಳಬೇಕು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಪಕ್ಕಾ ಯುಡಿಪಿ. ಒಂದೇ ಟ್ರಾನ್ಸ್‌ಫಾರ್ಮರಿನ ಪಕ್ಕದ ಮನೆಯವರೂ ಅದೇ ಸಂಕೇತ ಇಟ್ಟುಕೊಂಡಿದ್ದರೆ ಅವರ ಗುಂಡಿಗೆ ನಿಮ್ಮ ದೀಪ ಹತ್ತುವ ಸಾಧ್ಯತೆಯೂ ಇತ್ತು.

ಇಲ್ಲಿ ಒಂದು ವಿಷಯ ನನ್ನ ಕಣ್ಣಿಗೆ ಬಿತ್ತು. ಎಕ್ಸ್-10ರಲ್ಲಿ ಬುದ್ಧಿ ಇದ್ದದ್ದು ಬಲ್ಬಿನಲ್ಲಲ್ಲ, ಸ್ವಿಚ್ಚಿನಲ್ಲಿ ಅಥವಾ ಪ್ಲಗ್ಗಿನ ಡಬ್ಬಿಯಲ್ಲಿ. ಬಲ್ಬ್ ಹೋದರೆ ಅಂಗಡಿಯಿಂದ ಇನ್ನೊಂದು ದಡ್ಡ ಬಲ್ಬ್ ತಂದು ಸಿಕ್ಕಿಸಿದರಾಯಿತು.

ಬುದ್ಧಿ ಬಲ್ಬಿನೊಳಗೆ ಹೋಗಲು ಎಲ್‌ಇಡಿ ಬರಬೇಕಾಯಿತು. ಪ್ರಖರ ನೀಲಿ ಎಲ್‌ಇಡಿಯನ್ನ ಜಪಾನಿನಲ್ಲಿ ನಕಾಮುರಾ 1993ರಲ್ಲಿ ತೋರಿಸಿದ ಮೇಲೆ ಬಿಳಿ ಬೆಳಕಿನ ದಾರಿ ತೆರೆಯಿತು. ಅಕಾಸಾಕಿ, ಅಮಾನೊ, ನಕಾಮುರಾ ಮೂವರಿಗೂ 2014ರಲ್ಲಿ ನೊಬೆಲ್ ಬಂತು. ನಮ್ಮ ದೇಶದಲ್ಲಿ ಸರ್ಕಾರ ಸಗಟಾಗಿ ಕೊಳ್ಳುತ್ತಿದ್ದ ಎಲ್‌ಇಡಿ ಬಲ್ಬಿನ ಬೆಲೆ 2014ರಲ್ಲಿ 310 ರೂಪಾಯಿ ಇದ್ದದ್ದು 2016ಕ್ಕೆ 38ಕ್ಕೆ ಇಳಿಯಿತು. 2012ರ ಅಕ್ಟೋಬರಿನಲ್ಲಿ ಫಿಲಿಪ್ಸ್‌ನ ಹ್ಯೂ ಬಂದಿತ್ತು, ಮೂರು ಬಲ್ಬು, ಒಂದು ಬ್ರಿಡ್ಜು, 199 ಡಾಲರು. ಎಲ್‌ಇಡಿ, ಡ್ರೈವರ್, ರೇಡಿಯೋ, ಪ್ರೊಸೆಸರ್ ಎಲ್ಲವೂ ಒಂದೇ ಬುರುಡೆಯಲ್ಲಿ.

ಸಾಮಾನ್ಯವಾಗಿ ಮೊದಲು ಸಾಯೋದು ಎಲ್‌ಇಡಿ ಅಲ್ಲ, ಡ್ರೈವರ್. ಅದರೊಳಗಿನ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ ಪ್ರತಿ 10 ಡಿಗ್ರಿ ಬಿಸಿ ಏರಿದರೆ ಅರ್ಧ ಆಯಸ್ಸು ಕಳೆದುಕೊಳ್ಳುತ್ತೆ ಅನ್ನೋದು ನಾವು ಕಾಲೇಜಿನಲ್ಲಿ ಉರು ಹೊಡೆದ ಲೆಕ್ಕ. ಗಾಳಿಯಾಡದ ಗಾಜಿನ ಗ್ಲೋಬಿನೊಳಗೆ ಬಲ್ಬ್ ಹಾಕಿ "ಆರು ತಿಂಗಳಿಗೇ ಹೋಯ್ತು" ಅಂತ ಕಂಪನಿಯನ್ನ ಬೈಯುವವರು ಮೊದಲು ಗ್ಲೋಬನ್ನ ಬೈಯಬೇಕು.

ಅಷ್ಟಾದರೂ ಡಬ್ಬಿಯ ಮೇಲೆ 25,000 ಗಂಟೆ ಅಂತ ಬರೆದಿರುತ್ತೆ. ದಿನಕ್ಕೆ 5 ಗಂಟೆ ಲೆಕ್ಕ ಹಾಕಿದರೆ 13 ವರ್ಷಕ್ಕೂ ಮೇಲೆ. ಈಗ ಇನ್ನೊಂದು ಲೆಕ್ಕ ನೋಡಿ. 2012ರ ಮೊದಲ ಹ್ಯೂ ಬ್ರಿಡ್ಜಿಗೆ ಇಂಟರ್ನೆಟ್ ಸೇವೆ 2020ರ ಏಪ್ರಿಲ್‌ನಲ್ಲಿ ನಿಂತಿತು, ಎಂಟು ವರ್ಷ ಕೂಡ ಪೂರ್ತಿ ಆಗಿರಲಿಲ್ಲ. ಆದರೆ ಅವರು ಮುಂಚೆಯೇ ಹೇಳಿ ನಿಲ್ಲಿಸಿದರು, ಮನೆಯೊಳಗೆ ಅದು ಕೆಲಸ ಮಾಡುತ್ತಲೇ ಇತ್ತು. ಇನ್‌ಸ್ಟಿಯಾನ್ ಕಥೆ ಬೇರೆ. 2005ರಲ್ಲಿ ಶುರುವಾದ, ಎಕ್ಸ್-10ರ ತಪ್ಪುಗಳನ್ನೆಲ್ಲ ತಿದ್ದಿದ ಒಳ್ಳೇ ವ್ಯವಸ್ಥೆ. ರೇಡಿಯೋ ಮತ್ತು ಕರೆಂಟ್ ವೈರು ಎರಡರಲ್ಲೂ ಸಂದೇಶ ಹೋಗುತ್ತಿತ್ತು, ದೀಪ ಉತ್ತರವನ್ನೂ ಕೊಡುತ್ತಿತ್ತು. 2022ರ ಏಪ್ರಿಲ್‌ನಲ್ಲಿ ಒಂದು ಮಾತೂ ಹೇಳದೆ ಸರ್ವರುಗಳು ಸುಮ್ಮನಾದವು. ಸಾವಿರಾರು ರೂಪಾಯಿ ಸುರಿದವರ ಆ್ಯಪ್ ಸತ್ತಿತು. ಆದರೆ ಗೋಡೆಯ ಮೇಲಿನ ಸ್ವಿಚ್ಚನ್ನ ಒತ್ತಿದವರಿಗೆ ದೀಪ ಹತ್ತುತ್ತಲೇ ಇತ್ತು! ಕೊನೆಗೆ ಅದೇ ವರ್ಷ ಬಳಕೆದಾರರದೇ ಒಂದು ಗುಂಪು ಅದನ್ನ ಕೊಂಡು ಸರ್ವರನ್ನ ಮತ್ತೆ ಎಬ್ಬಿಸಿತು. 1924ರಲ್ಲಿ ಜಿನೀವಾದಲ್ಲಿ ಕೂತು ಗಂಟೆ ನಿಗದಿ ಮಾಡಬೇಕಿತ್ತು, ಈಗ ಆ ಕಷ್ಟ ಕೂಡ ಇಲ್ಲ, ಬಾಡಿಗೆ ಕಟ್ಟದಿದ್ದರೆ ಆಯಿತು.

ನಮ್ಮೂರಿನ ಲೆಕ್ಕಕ್ಕೆ ಇನ್ನೊಂದು ತೊಂದರೆ ಸೇರಿಸಿಕೊಳ್ಳಿ: ಕರೆಂಟು. ಮೊದಲ ಸ್ಮಾರ್ಟ್ ಬಲ್ಬುಗಳನ್ನ ಮಾಡಿದವರ ಊರಲ್ಲಿ ಬಹುಶಃ ಕರೆಂಟ್ ಹೋಗುತ್ತಿರಲಿಲ್ಲ. ಹೋಗಿ ಬಂದರೆ ಬಲ್ಬು ಪೂರ್ತಿ ಬೆಳಕಿನಲ್ಲಿ ಧಗ್ಗನೆ ಹತ್ತುತ್ತಿತ್ತು. ರಾತ್ರಿ ಮೂರು ಗಂಟೆಗೆ ಕರೆಂಟ್ ಬಂದರೆ ಮನೆಯೆಲ್ಲ ಮದುವೆ ಮನೆ. ಹ್ಯೂನವರು ಇದಕ್ಕೊಂದು ಸೆಟ್ಟಿಂಗ್ ಕೊಟ್ಟದ್ದು 2018ರಲ್ಲಿ. ಇವತ್ತು ಬಲ್ಬ್ ಕೊಳ್ಳುವಾಗ ನಾನು ಮೊದಲು ಹುಡುಕೋದು ಇದನ್ನೇ: ಕರೆಂಟ್ ಹೋಗಿ ಬಂದರೆ ಮುಂಚೆ ಹೇಗಿತ್ತೋ ಹಾಗೇ ಇರುತ್ತಾ?

ಇಷ್ಟೆಲ್ಲ ಓದಿ ನಾನು ಮಾಡಿದ್ದೇನು ಅಂದರೆ, ಪಡಸಾಲೆಯ ಮತ್ತು ಬಚ್ಚಲ ದಾರಿಯ ಸ್ಮಾರ್ಟ್ ಬಲ್ಬ್ ಎರಡನ್ನೂ ತೆಗೆದೆ. ಅಲ್ಲಿ ಈಗ ಊರಿನ ಎಲೆಕ್ಟ್ರಿಕಲ್ ಅಂಗಡಿಯ 9 ವ್ಯಾಟಿನ, ಪಿನ್ ಟೈಪಿನ, ಸಾದಾ ಎಲ್‌ಇಡಿ. ಬುದ್ಧಿಯನ್ನ ಸ್ವಿಚ್ಚಿನ ಹಿಂದಿನ ಪುಟ್ಟ ಜಿಗ್‌ಬೀ ರಿಲೇಗೆ ವರ್ಗ ಮಾಡಿದೆ. ಇದಕ್ಕೆ ಬೋರ್ಡಿನಲ್ಲಿ ನ್ಯೂಟ್ರಲ್ ವೈರ್ ಬೇಕು. ಪ್ಲಗ್ ಪಾಯಿಂಟ್ ಇರುವ ಬೋರ್ಡಾದರೆ ಇದ್ದೇ ಇರುತ್ತೆ, ಆದರೂ ಎಲೆಕ್ಟ್ರಿಶಿಯನ್ ಕೈಯಲ್ಲೇ ಮಾಡಿಸಿ. ಲೆಕ್ಕಾಚಾರ ಮಾಡೋದು ಮನೆಯೊಳಗೇ ಇರುವ ಒಂದು ರಾಸ್‌ಬೆರಿ ಪೈ, ಅದರಲ್ಲಿ ಹೋಮ್ ಅಸಿಸ್ಟೆಂಟ್. ಹೊರಗಿನ ಯಾವ ಸರ್ವರಿನ ಹಂಗೂ ಇಲ್ಲ. ಪೈ ಸತ್ತರೂ ಸ್ವಿಚ್ಚು ಸ್ವಿಚ್ಚೇ. ಬಣ್ಣದ ಬಲ್ಬ್ ಹಾಲಿನಲ್ಲಿ ಮಾತ್ರ ಎರಡು ಇಟ್ಟಿದ್ದೀನಿ, ಅವೂ ಜಿಗ್‌ಬೀ. ನೆನಪಿರಲಿ, ಜಿಗ್‌ಬೀ ಬಲ್ಬುಗಳು ಒಂದರ ಸಂದೇಶ ಇನ್ನೊಂದಕ್ಕೆ ದಾಟಿಸುವ ಕೆಲಸವನ್ನೂ ಮಾಡುತ್ತವೆ. ಗೋಡೆಯಲ್ಲಿ ಆಫ್ ಮಾಡಿದರೆ ಸಾಲು ಕಡಿದ ಹಾಗೆ, ಆಚೆ ಕೋಣೆಯ ಸೆನ್ಸರ್ ಕೂಡ ಮಾತು ನಿಲ್ಲಿಸಬಹುದು. 2022ರ ಅಕ್ಟೋಬರಿನಲ್ಲಿ ಬಂದ ಮ್ಯಾಟರ್ ಅನ್ನುವ ಹೊಸ ಮಾನದಂಡವೂ ಮನೆಯೊಳಗಿನ ಮಾತುಕತೆಯನ್ನ ಮನೆಯೊಳಗೇ ಇಡುತ್ತೆ. ಮುಂದಿನ ಸಲ ಕೊಂಡರೆ ಆ ಗುರುತು ಇದ್ದದ್ದನ್ನೇ ಕೊಳ್ತೀನಿ.

ಕೆಲಸ ಮುಗಿಸಿದ ದಿನ ಪರೀಕ್ಷೆಗೆ ಅಂತ ರೂಟರ್ ಆಫ್ ಮಾಡಿ ಮಲಗಿದೆ. ರಾತ್ರಿ ಎರಡೂವರೆಗೆ ಬಾಗಿಲ ಸಂದಿಯಲ್ಲಿ ಬೆಳಕು ಕಂಡಿತು. ಅಜ್ಜಿ ಎದ್ದಿದ್ದಳು, ಸೆನ್ಸರ್ ದೀಪ ಹತ್ತಿಸಿತ್ತು. ಅಷ್ಟರಲ್ಲಿ ಟಕ್ ಅಂತ ಸದ್ದು, ಕತ್ತಲು. ಮತ್ತೆ ಟಕ್, ಬೆಳಕು. ಎಂಬತ್ತು ದಾಟಿದ ಕೈ ಅಭ್ಯಾಸಬಲದಿಂದ ಸ್ವಿಚ್ ಒತ್ತಿ, ಹತ್ತಿದ್ದ ದೀಪ ಆರಿಸಿ, ಇನ್ನೊಮ್ಮೆ ಒತ್ತಿ ಹತ್ತಿಸಿಕೊಂಡಿತ್ತು. ಸೆನ್ಸರ್ ಹತ್ತಿಸಿದ ಮೊದಲ ಹತ್ತು ಸೆಕೆಂಡು ಸ್ವಿಚ್ ಒತ್ತಿದರೂ ಆರಬಾರದು ಅಂತ ಒಂದು ಕಂಡಿಷನ್ ಬರೆಯಬೇಕು. ಈ ಶನಿವಾರ ಕೂರ್ತೀನಿ.