ಕಣ್ಣು ಬರೆದವನ ಊರು

ಮೇ ತಿಂಗಳ ಒಂದು ಬೆಳಗ್ಗೆ ಏಳೂವರೆಗೆ ನಾರಾ ಪಟ್ಟಣದ ತೋದೈಜಿ ದೇವಾಲಯದ ಬಾಗಿಲು ತೆಗೆಯುವುದನ್ನೇ ಕಾಯುತ್ತ ನಿಂತಿದ್ದೆ. ಎರಡು ವಾರಗಳ ಒಂಟಿ ತಿರುಗಾಟದ ಕೊನೆಯ ದಿನ ಅದು. ರಾತ್ರಿ ಕನ್ಸಾಯಿ ನಿಲ್ದಾಣದಿಂದ ವಿಮಾನ. ದೊಡ್ಡ ಚೀಲವನ್ನು ರೈಲು ನಿಲ್ದಾಣದ ಲಾಕರಿನಲ್ಲಿಟ್ಟು ಬಂದಿದ್ದೆ. ಹೆಗಲ ಮೇಲಿನ ಸಣ್ಣ ಚೀಲದಲ್ಲಿ ತಿಂಡಿ ಇದೆಯೇ ಎಂದು ಒಂದು ಜಿಂಕೆ ಮೂಗು ತೂರಿಸಿ ಪರೀಕ್ಷೆ ಮಾಡುತ್ತಿತ್ತು.

ಆಗ ಮೊಬೈಲಿಗೆ ಒಂದು ಚಿತ್ರ ಬಂತು. ಊರಿಗೆ ಮರಳಿದ ಮೇಲೆ ನಾನು ಮಾತನಾಡಬೇಕಿದ್ದ ಒಂದು ಕಾರ್ಯಕ್ರಮದ ಕರಪತ್ರ. ಮೇಲೆ ತೋದೈಜಿಯ ಮಹಾಬುದ್ಧ, ಕೆಳಗೆ ನನ್ನ ಹೆಸರು, ನಡುವೆ ದಪ್ಪ ಅಕ್ಷರದಲ್ಲಿ ಶೀರ್ಷಿಕೆ: 'ಜಪಾನಿನ ಬುದ್ಧನಿಗೆ ಕಣ್ಣು ಕೊಟ್ಟ ಕನ್ನಡಿಗ'.

ತಪ್ಪು ಅವರದಲ್ಲ. ಹೊರಡುವ ಮುಂಚೆ ಫೋನಿನಲ್ಲಿ ಉತ್ಸಾಹದಿಂದ ಹೇಳಿದವರು ನಾವೇ: "ಬಾದಾಮಿ ಚಾಲುಕ್ಯರ ಕಾಲದವನು ಸರ್, ದಕ್ಷಿಣ ಭಾರತದವನು. ನಮ್ಮ ಕಡೆಯವನೂ ಆಗಿರಬಹುದು." 'ಆಗಿರಬಹುದು' ಎಂಬ ಮಾತು ಕರಪತ್ರದವರೆಗೆ ಬರುವಷ್ಟರಲ್ಲಿ ಉದುರಿಹೋಗಿತ್ತು. "ಮುದ್ರಣಕ್ಕೆ ಕೊಡಲೇ?" ಎಂದು ಕೇಳಿದ್ದರು. ಸಂಜೆ ಹೇಳುತ್ತೇನೆ ಎಂದು ಬರೆದು ಒಳಗೆ ಹೋದೆ.

ಆ 'ಕನ್ನಡಿಗ'ನ ಹೆಸರು ಬೋಧಿಸೇನ. ಜಪಾನೀಯರ ಬಾಯಲ್ಲಿ ಬೋದೈಸೆನ್ನ. ಹುಟ್ಟಿನಿಂದ ಬ್ರಾಹ್ಮಣನಾದ್ದರಿಂದ 'ಬರಮೊನ್ ಸೋಜೋ', ಅಂದರೆ 'ಬ್ರಾಹ್ಮಣ ಸಂಘಾಧಿಪತಿ' ಎಂದೂ ಕರೆಯುತ್ತಾರೆ. ಭಾರತದಿಂದ ಚೀನಾಕ್ಕೆ ಹೋಗಿ, ಅಲ್ಲಿಗೆ ಬಂದಿದ್ದ ಜಪಾನಿನ ರಾಜದೂತರ ಆಹ್ವಾನದ ಮೇಲೆ ಅವರ ಹಡಗು ಹತ್ತಿ, 736ರಲ್ಲಿ ನನಿವಾ ಎಂಬ ಬಂದರಿಗೆ ಬಂದಿಳಿದ. ಇಂದಿನ ಒಸಾಕಾ ಅದು. ಜೊತೆಗೆ ದೋಸೆನ್ ಎಂಬ ಚೀನೀ ಭಿಕ್ಷು, ಬುತ್ತೆತ್ಸು ಎಂಬ ಚಂಪಾ ದೇಶದ ಭಿಕ್ಷು. ಚಂಪಾ ಎಂದರೆ ಈಗಿನ ವಿಯೆಟ್ನಾಮಿನ ಭಾಗ. ಬಂದರಿನಲ್ಲಿ ಇವರನ್ನು ಎದುರುಗೊಂಡವನು ಗ್ಯೋಕಿ. ಸೇತುವೆ, ಕೆರೆ, ಕಾಲುವೆಗಳನ್ನು ಜನರಿಂದ ಕಟ್ಟಿಸುತ್ತ ಊರೂರು ಸುತ್ತುತ್ತಿದ್ದ ಮುದಿ ಭಿಕ್ಷು. ಒಬ್ಬರ ಮುಖ ಒಬ್ಬರು ಕಾಣದಿದ್ದ ಇಬ್ಬರೂ ಹಳೆಯ ಗೆಳೆಯರಂತೆ ಮಾತಿಗೆ ತೊಡಗಿದರೆಂದು ಕಥೆಗಳು ಹೇಳುತ್ತವೆ. ಬೋಧಿಸೇನ ನಾರಾದ ದಾಯಿಆನ್‌ಜಿ ವಿಹಾರದಲ್ಲಿ ನೆಲೆಸಿದ. ಮತ್ತೆ ಊರಿಗೆ ಮರಳಲಿಲ್ಲ.

ಅವನು ಬಂದಿಳಿದ ದೇಶ ಆಗ ನರಳುತ್ತಿತ್ತು. 735ರಿಂದ 737ರವರೆಗೆ ಸಿಡುಬು ಜಪಾನನ್ನು ಗುಡಿಸಿಹಾಕಿತು. ಆಸ್ಥಾನವನ್ನು ಆಳುತ್ತಿದ್ದ ಫುಜಿವಾರ ಮನೆತನದ ನಾಲ್ವರು ಅಣ್ಣತಮ್ಮಂದಿರು ಒಂದೇ ವರ್ಷದಲ್ಲಿ ಸತ್ತರು. 740ರಲ್ಲಿ ದಂಗೆ. ಚಕ್ರವರ್ತಿ ಶೋಮು ರಾಜಧಾನಿಯನ್ನೇ ಅಲ್ಲಿಂದಿಲ್ಲಿಗೆ ಬದಲಿಸುತ್ತ ಅಲೆದ. 743ರಲ್ಲಿ ಅವನು ಒಂದು ಆಜ್ಞೆ ಹೊರಡಿಸಿದ: ವೈರೋಚನ ಬುದ್ಧನ ಬೃಹತ್ ವಿಗ್ರಹ ಎರಕವಾಗಬೇಕು, ಒಂದು ಹುಲ್ಲುಕಡ್ಡಿ, ಒಂದು ಹಿಡಿ ಮಣ್ಣು ತಂದುಕೊಡುವವರಿದ್ದರೂ ಅವರನ್ನು ಸೇರಿಸಿಕೊಳ್ಳಬೇಕು. ವಂತಿಗೆ ಎತ್ತುವ ಕೆಲಸ ಗ್ಯೋಕಿಯ ಪಾಲಿಗೆ ಬಂತು. 747ರಿಂದ 749ರವರೆಗೆ ಎಂಟು ಹಂತಗಳಲ್ಲಿ ಎರಕ ನಡೆಯಿತು. ಸುಮಾರು ಐನೂರು ಟನ್ ತಾಮ್ರ. ಮುಲಾಮು ಮಾಡಲು ಚಿನ್ನವಿಲ್ಲ ಎಂದು ಚಿಂತಿಸುತ್ತಿದ್ದಾಗ ಉತ್ತರದ ಮುತ್ಸು ಸೀಮೆಯಲ್ಲಿ ಚಿನ್ನ ಸಿಕ್ಕಿತು.

752ರ ನಾಲ್ಕನೆಯ ಚಾಂದ್ರಮಾಸದ ಒಂಬತ್ತನೆಯ ದಿನ ವಿಗ್ರಹದ ಕಣ್ಣು ತೆರೆಸುವ ಉತ್ಸವ. ಜಪಾನಿ ಭಾಷೆಯಲ್ಲಿ 'ಕಾಯ್‌ಗೆನ್'. ನಮ್ಮಲ್ಲಿ ವಿಗ್ರಹ ಪ್ರತಿಷ್ಠೆಯನ್ನು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ನೇತ್ರೋನ್ಮೀಲನ ಆಗುವ ತನಕ ಅದು ಕಲ್ಲು ಅಥವಾ ಲೋಹ, ಆದ ಮೇಲೆ ದೇವರು. ಆ ಹೊತ್ತಿಗೆ ಶೋಮು ಪಟ್ಟವನ್ನು ಮಗಳು ಕೋಕೆನ್‌ಗೆ ಬಿಟ್ಟುಕೊಟ್ಟಿದ್ದ, ಆರೋಗ್ಯವೂ ಕೆಟ್ಟಿತ್ತು. ಕಣ್ಣು ಬರೆಯುವ ಕೆಲಸವನ್ನು ಬೋಧಿಸೇನನಿಗೆ ಒಪ್ಪಿಸಿದ. ಹತ್ತು ಸಾವಿರ ಭಿಕ್ಷುಗಳು ನೆರೆದಿದ್ದರೆಂದು ಹಳೆಯ ಗ್ರಂಥಗಳು ಹೇಳುತ್ತವೆ. ಕುಂಚಕ್ಕೆ ನೀಲಿ ರೇಷ್ಮೆಯ ಉದ್ದನೆಯ ದಾರ ಕಟ್ಟಿದ್ದರು. ಬೋಧಿಸೇನ ಮೇಲೆ ಕುಂಚ ಹಿಡಿದು ಪಾಪೆ ಬರೆಯುವಾಗ ಕೆಳಗಿದ್ದವರು ಆ ದಾರ ಹಿಡಿದಿದ್ದರು. ಕಣ್ಣು ಬರೆದ ಪುಣ್ಯ ದಾರದುದ್ದಕ್ಕೂ ಇಳಿದು ಎಲ್ಲರಿಗೂ ಸಿಗಲಿ ಎಂದು. ದೇವರ ತೇರಿನ ಹಗ್ಗವನ್ನು ಒಮ್ಮೆ ಮುಟ್ಟಿದರೆ ಸಾಕು ಎಂದು ನೂಕುನುಗ್ಗಲಿನಲ್ಲಿ ಕೈಚಾಚುವ ನಮ್ಮ ಜನ ನನಗೆ ನೆನಪಾದರು.

ಬಾಗಿಲು ತೆಗೆದರು. ಒಳಗೆ ಹೋಗಿ ತಲೆಯೆತ್ತಿದೆ. ಕುಳಿತ ಭಂಗಿಯಲ್ಲೇ ಸುಮಾರು 15 ಮೀಟರ್ ಎತ್ತರ. ನಮ್ಮ ಶ್ರವಣಬೆಳಗೊಳದ ಗೊಮ್ಮಟ ನಿಂತು ಹದಿನೇಳು ಚಿಲ್ಲರೆ ಮೀಟರ್. ಈ ಬುದ್ಧ ಎದ್ದು ನಿಂತರೆ ಏನು ಗತಿ ಎಂದು ಮಕ್ಕಳ ಹಾಗೆ ಲೆಕ್ಕ ಹಾಕಿದೆ. ಆಮೇಲೆ ಕಣ್ಣುಗಳನ್ನೇ ನೋಡುತ್ತ ನಿಂತೆ. ಬೋಧಿಸೇನ ಬರೆದ ಕಣ್ಣುಗಳು ಅವಲ್ಲ ಎಂಬುದು ನನಗೆ ಗೊತ್ತಿತ್ತು. 855ರಲ್ಲಿ ಈ ಬುದ್ಧನ ತಲೆ ಕಳಚಿ ಬಿತ್ತು, ಮತ್ತೆ ಕೂರಿಸಿದರು. 1180ರಲ್ಲಿ ತಾಯಿರಾ ಸೈನ್ಯ ಇಟ್ಟ ಬೆಂಕಿಗೆ ಮಂದಿರ ಸುಟ್ಟು ವಿಗ್ರಹ ಕರಗಿತು. 1567ರ ಯುದ್ಧದಲ್ಲಿ ಮತ್ತೊಮ್ಮೆ. ಈಗಿರುವ ತಲೆ ಹದಿನೇಳನೆಯ ಶತಮಾನದ ಕೊನೆಯದು. ಈಗಿರುವ ಮರದ ಮಂದಿರ 1709ರದು. ಅಗಲದಲ್ಲಿ ಅದು ಮೊದಲಿನ ಮಂದಿರದ ಮೂರರಲ್ಲಿ ಎರಡು ಪಾಲಿನಷ್ಟು ಮಾತ್ರ. ಎಂಟನೆಯ ಶತಮಾನದ್ದೆಂದು ಉಳಿದಿರುವುದು ಕೆಳಭಾಗದ ಕೆಲವು ತುಣುಕುಗಳು, ಪೀಠದ ಕೆಲವು ಕಮಲದ ಎಸಳುಗಳು.

ಆದರೆ ಕಣ್ಣು ಹೋದರೂ ಕುಂಚ ಉಳಿದಿದೆ. 756ರಲ್ಲಿ ಶೋಮು ತೀರಿಕೊಂಡಾಗ ಅವನ ರಾಣಿ ಕೋಮ್ಯೋ ಅವನ ಪ್ರಿಯ ವಸ್ತುಗಳನ್ನೆಲ್ಲ ಈ ಬುದ್ಧನಿಗೆ ಅರ್ಪಿಸಿದಳು. ಅವನ್ನಿಟ್ಟ ಮರದ ಉಗ್ರಾಣವೇ ಶೋಸೋಇನ್. ಮಂದಿರದ ಹಿಂದೆ ಕಾಲುಗಂಟೆ ನಡೆದರೆ ಸಿಗುತ್ತದೆ. ಹತ್ತು ಗಂಟೆಗೆ ಅದರ ಬೇಲಿಯಾಚೆ ನಿಂತೆ. ಹೊರಗಿನಿಂದ ನೋಡಲು ಮಾತ್ರ ಅವಕಾಶ. ಎತ್ತರದ ಕಂಬಗಳ ಮೇಲೆ ನಿಂತ, ಕಿಟಕಿಯಿಲ್ಲದ, ದಪ್ಪ ಮರದ ದಿಮ್ಮಿಗಳ ಗೋಡೆ. ನಮ್ಮ ಹಳ್ಳಿಮನೆಯ ಪಣತವನ್ನು ಹತ್ತು ಪಟ್ಟು ಹಿಗ್ಗಿಸಿ ಕಂಬದ ಮೇಲೆ ಏರಿಸಿದಂತೆ. ಇದರಲ್ಲಿ ಕಾಪಾಡಿ ಬಂದ ವಸ್ತುಗಳು ಸುಮಾರು ಒಂಬತ್ತು ಸಾವಿರ. ಅವುಗಳಲ್ಲಿ ಬೋಧಿಸೇನ ಹಿಡಿದ ಕುಂಚ ಇದೆ, ಇನ್ನೂರು ಮೀಟರಿಗೆ ಸ್ವಲ್ಪ ಕಡಿಮೆ ಉದ್ದದ ಆ ನೀಲಿ ದಾರ ಇದೆ. ಸುಟ್ಟ ವಿಗ್ರಹವನ್ನು ಮತ್ತೆ ಎರಕ ಹೊಯ್ದು 1185ರಲ್ಲಿ ಕಣ್ಣು ತೆರೆಸಿದಾಗ ನಿವೃತ್ತ ಚಕ್ರವರ್ತಿ ಗೋಶಿರಕವಾ ಇದೇ ಕುಂಚವನ್ನು ತರಿಸಿ ಬಳಸಿದ. ಪ್ರತಿ ಶರತ್ಕಾಲದಲ್ಲಿ ಕೆಲವೇ ವಸ್ತುಗಳನ್ನು ನಾರಾ ಮ್ಯೂಸಿಯಮ್ಮಿನಲ್ಲಿ ಪ್ರದರ್ಶಿಸುತ್ತಾರೆ. ನಾನು ಬಂದದ್ದು ಮೇ ತಿಂಗಳಲ್ಲಿ. ನನ್ನ ಪಾಲಿಗೆ ಗೋಡೆ.

ಆ ಗೋಡೆಯೆದುರು ಕುಳಿತು ಕರಪತ್ರವನ್ನು ಮತ್ತೆ ತೆರೆದೆ. ಬೋಧಿಸೇನ 'ಕನ್ನಡಿಗ' ಎನ್ನಲು ನನ್ನ ಬಳಿ ಏನಿದೆ?

ಇರುವ ಮುಖ್ಯ ಆಧಾರ ಒಂದೇ. ಅವನ ಶಿಷ್ಯ ಶುಯೇಯಿ 770ರಲ್ಲಿ ಬರೆದ ಚರಿತ್ರೆ. ಅದರಲ್ಲಿ ಅವನನ್ನು 'ನಾನ್ ತೆಂಜಿಕು' ಎಂಬಲ್ಲಿಂದ ಬಂದವನು ಎನ್ನಲಾಗಿದೆ. ತೆಂಜಿಕು ಎಂದರೆ ಭಾರತ, ನಾನ್ ಎಂದರೆ ದಕ್ಷಿಣ. ಚೀನೀಯರು ಭಾರತವನ್ನು ಐದು ಭಾಗ ಮಾಡಿ ಹೇಳುತ್ತಿದ್ದರು. ಅದರಲ್ಲಿ ಇದೊಂದು. ಭಾರದ್ವಾಜ ಎಂದು ವಿದ್ವಾಂಸರು ಓದುವ ಒಂದು ಕುಲದ ಹೆಸರೂ ಇದೆ. ಆದರೆ ಭಾರದ್ವಾಜ ಗೋತ್ರದವರು ಕಂಚಿಯಲ್ಲೂ ಸಿಗುತ್ತಾರೆ, ಬನವಾಸಿಯಲ್ಲೂ ಸಿಗುತ್ತಾರೆ. ಊರಿನ ಹೆಸರಿಲ್ಲ, ರಾಜನ ಹೆಸರಿಲ್ಲ, ನುಡಿಯ ಹೆಸರಿಲ್ಲ.

ಇನ್ನು ನನ್ನ ಕೈಯಲ್ಲಿರುವುದು ಕಾಲದ ಹೊಂದಿಕೆ. 736ರಲ್ಲಿ ಬಾದಾಮಿಯ ಪಟ್ಟದಲ್ಲಿದ್ದವನು ಎರಡನೆಯ ವಿಕ್ರಮಾದಿತ್ಯ. ಕಂಚಿಯನ್ನು ಗೆದ್ದು, ಸೂರೆ ಮಾಡದೆ, ಅಲ್ಲಿನ ಕೈಲಾಸನಾಥ ದೇವಾಲಯದ ಸಂಪತ್ತನ್ನು ದೇವರಿಗೇ ಬಿಟ್ಟುಕೊಟ್ಟು ಕನ್ನಡದಲ್ಲಿ ಶಾಸನ ಬರೆಸಿದವನು. ಆ ಗೆಲುವಿನ ನೆನಪಿಗೆ ರಾಣಿ ಲೋಕಮಹಾದೇವಿ ಪಟ್ಟದಕಲ್ಲಿನಲ್ಲಿ ಕಟ್ಟಿಸಿದ್ದೇ ಇಂದಿನ ವಿರೂಪಾಕ್ಷ ದೇವಾಲಯ. ನಾರಾದಲ್ಲಿ ಕಣ್ಣು ತೆರೆಸಿದ ಹೊತ್ತಿಗೆ ರಾಷ್ಟ್ರಕೂಟ ದಂತಿದುರ್ಗನ ಕೈಯಲ್ಲಿ ಬಾದಾಮಿಯ ಆಳ್ವಿಕೆ ಮುಗಿಯುತ್ತ ಬಂದಿತ್ತು. ಈ ಎರಡು ಸಾಲುಗಳನ್ನು ಅಕ್ಕಪಕ್ಕ ಬರೆದರೆ ಓದುವವರಿಗೆ ರೋಮಾಂಚನವಾಗುತ್ತದೆ, ನನಗೂ ಆಗಿತ್ತು. ಆದರೆ ಅಕ್ಕಪಕ್ಕ ಬರೆದ ಮಾತ್ರಕ್ಕೆ ಎರಡಕ್ಕೂ ನಂಟಾಗುವುದಿಲ್ಲ. ನನ್ನ ಮಾರ್ಗದರ್ಶಕರು ಮೊದಲ ವರ್ಷವೇ ಹೇಳಿದ್ದರು: "ಶಾಸನ ಮಾತಾಡದ ಕಡೆ ನೀನು ಅದರ ಪರವಾಗಿ ಮಾತಾಡಬೇಡ." ಅಧ್ಯಾಯಗಳಲ್ಲಿ ಪಾಲಿಸಿದ್ದೆ. ಫೋನಿನಲ್ಲಿ ಮರೆತಿದ್ದೆ.

ಇಂಥದೇ ಇನ್ನೊಂದು ಆಸೆ ಅಕ್ಷರಗಳ ವಿಷಯದಲ್ಲೂ ಇದೆ. ಜಪಾನಿ ಮಕ್ಕಳು ಕಲಿಯುವ ಅಕ್ಷರಮಾಲೆ ಅ, ಇ, ಉ, ಎ, ಒ ಎಂದು ಶುರುವಾಗುತ್ತದೆ. ಆಮೇಲಿನ ಸಾಲುಗಳು ಕ, ಸ, ತ, ನ, ಹ, ಮ, ಯ, ರ, ವ. ನಮ್ಮ ಒಂದನೇ ತರಗತಿಯ ಮಗುವಿಗೂ ಈ ಕ್ರಮ ಗುರುತು ಸಿಗುತ್ತದೆ. ಚ ಇರಬೇಕಾದಲ್ಲಿ ಸ, ಪ ಇರಬೇಕಾದಲ್ಲಿ ಹ. ಹಳೆಯ ಜಪಾನಿಯಲ್ಲಿ ಆ ಉಚ್ಚಾರಣೆಗಳೇ ಬೇರೆಯಾಗಿದ್ದವು. ಸಂಸ್ಕೃತ ಮಂತ್ರಗಳನ್ನು ಸಿದ್ಧಂ ಲಿಪಿಯಲ್ಲಿ ಕಲಿಯುತ್ತಿದ್ದ ಭಿಕ್ಷುಗಳಿಂದ ಬಂದ ಕ್ರಮ ಇದು. ಇದನ್ನು ಬೋಧಿಸೇನನೇ ಕೊಟ್ಟ ಎನ್ನುವವರಿದ್ದಾರೆ. ಆದರೆ ಆ ಕ್ರಮ ಬರಹದಲ್ಲಿ ಕಾಣಿಸಿಕೊಳ್ಳುವುದು ಅವನು ಸತ್ತು ಎರಡು ಶತಮಾನಗಳಿಗೂ ಹೆಚ್ಚು ಕಾಲ ಕಳೆದ ಮೇಲೆ. ಹಲವು ತಲೆಮಾರುಗಳು ತಿದ್ದಿ ತೀಡಿದ್ದನ್ನು ಒಬ್ಬನ ಹೆಸರಿಗೆ ಬರೆಯುವುದು ಸುಲಭ. ಉಳಿದವರು ತಕರಾರು ಮಾಡಲು ಬರುವುದಿಲ್ಲವಲ್ಲ.

ಮಧ್ಯಾಹ್ನ ರೈಲು ಹಿಡಿದು ತೊಮಿಯೊ ನಿಲ್ದಾಣಕ್ಕೆ, ಅಲ್ಲಿಂದ ಬಸ್ಸಿನಲ್ಲಿ ರ್ಯೋಸೆನ್‌ಜಿಗೆ ಹೋದೆ. ಪ್ರವಾಸಿಗರು ಇಲ್ಲಿಗೆ ಬರುವುದು ಹೆಚ್ಚಾಗಿ ಗುಲಾಬಿ ತೋಟಕ್ಕೆ. ಮೇ ತಿಂಗಳು ಅದಕ್ಕೆ ಸರಿಯಾದ ಕಾಲ. ಈ ಗುಡ್ಡ ರಾಜಗೃಹದ ಗೃಧ್ರಕೂಟವನ್ನು ಹೋಲುತ್ತದೆಂದು ಬೋಧಿಸೇನ ಹೇಳಿದ್ದರಿಂದ ದೇವಾಲಯಕ್ಕೆ ಆ ಹೆಸರು ಬಂತೆಂಬುದು ಇಲ್ಲಿನ ಐತಿಹ್ಯ. ಅವನು 760ರಲ್ಲಿ ತೀರಿಕೊಂಡ. ಮಣ್ಣಾದದ್ದು ಈ ತೊಮಿ ಗುಡ್ಡಗಳಲ್ಲಿ. ಆವರಣದಲ್ಲಿ ಚಿನ್ನದ ಬಣ್ಣದಿಂದ ಹೊಳೆಯುವ ಬೆಂಜೈತೆನ್ ಗುಡಿ ಇದೆ. ಬೆಂಜೈತೆನ್ ಎಂದರೆ ನಮ್ಮ ಸರಸ್ವತಿ. ಕೈ ತಾನಾಗಿ ಮುಗಿಯಿತು. ಮರಗಳ ನಡುವೆ ಬೋಧಿಸೇನನ ನೆನಪಿನ ಕಲ್ಲಿನ ಸ್ತೂಪ. ಅಲ್ಲಿ ಯಾರೂ ಇರಲಿಲ್ಲ.

ಅದರ ಮುಂದೆ ಕುಳಿತಾಗ ತೋದೈಜಿಯವರು ತಮ್ಮ ದೇವಾಲಯವನ್ನು 'ನಾಲ್ವರು ಸಂತರು ಕಟ್ಟಿದ್ದು' ಎನ್ನುವುದು ನೆನಪಾಯಿತು. ಚಕ್ರವರ್ತಿ ಶೋಮು, ಮೊದಲ ಮಠಾಧಿಪತಿ ರೋಬೆನ್, ವಂತಿಗೆ ಎತ್ತಿದ ಗ್ಯೋಕಿ, ನಾಲ್ಕನೆಯವನು ಬೋಧಿಸೇನ. ಅವರು ಅವನ ಊರು ಕೇಳಲಿಲ್ಲ, ಕೆಲಸ ನೋಡಿದರು. ಆ ವಿಗ್ರಹವನ್ನು ರೂಪಿಸಿದ ಶಿಲ್ಪಿ ಕಿಮಿಮರೋನ ತಾತ ಕೊರಿಯಾದ ಪೆಕ್ಚೆಯಿಂದ ನಿರಾಶ್ರಿತನಾಗಿ ಬಂದವನು. ಮುತ್ಸುವಿನಿಂದ ಚಿನ್ನ ಕಳಿಸಿದ ಅಧಿಕಾರಿಯೂ ಪೆಕ್ಚೆಯ ರಾಜಮನೆತನದ ಕುಡಿ. ಉತ್ಸವದಲ್ಲಿ ಮಂತ್ರ ಹೇಳಿದವನು ಚೀನೀ ದೋಸೆನ್. ಚಂಪಾದ ಸಂಗೀತ ಕಲಿಸಿದವನೆಂದು ನೆನೆಯುವುದು ಬುತ್ತೆತ್ಸುವನ್ನು. ಅಷ್ಟು ಉದ್ದದ ದಾರವನ್ನು ಅಷ್ಟು ಜನ ಹಿಡಿದಿರುವಾಗ ಅದರ ಒಂದು ತುದಿಯನ್ನು ಕತ್ತರಿಸಿ ನಮ್ಮ ಜಿಲ್ಲೆಗೆ ತರುವುದು ನನಗೆ ನಾಚಿಕೆಯ ಕೆಲಸ ಅನ್ನಿಸಿತು. ಯಾರಿಗೆ ಗೊತ್ತಾಗುತ್ತದೆ ಎಂಬ ಮಾತೂ ಮನಸ್ಸಿನಲ್ಲಿ ಬಂದದ್ದು ನಿಜ. ಸಭೆಯಲ್ಲಿ ಯಾರೂ ಕೇಳಲಾರರು. ಆದರೆ ಅಲ್ಲಿ ಕುಳಿತ ಒಬ್ಬ ವಿದ್ಯಾರ್ಥಿ ಅದನ್ನು ಬರೆದುಕೊಂಡು, ನಾಳೆ ಪರೀಕ್ಷೆಯಲ್ಲಿ ಬರೆದು, ನಾಡಿದ್ದು ತರಗತಿಯಲ್ಲಿ ಕಲಿಸುತ್ತಾನೆ. ಇತಿಹಾಸದ ಎಷ್ಟೋ ಸುಳ್ಳುಗಳು ಹಾಗೇ ಅಭಿಮಾನದಿಂದ ಹುಟ್ಟಿ ಟಿಪ್ಪಣಿ ಪುಸ್ತಕಗಳಲ್ಲಿ ಬೆಳೆದವು.

ಸ್ತೂಪದ ಪಕ್ಕದಿಂದಲೇ ಸಂದೇಶ ಕಳಿಸಿದೆ: "ಸರ್, ದಯವಿಟ್ಟು ಶೀರ್ಷಿಕೆ ಬದಲಿಸಿ. 'ತೆಂಕಣದಿಂದ ನಾರಾಕ್ಕೆ: ಬೋಧಿಸೇನನ ಪಯಣ' ಎಂದಿರಲಿ. ಅವನು ಕನ್ನಡಿಗ ಎನ್ನಲು ಆಧಾರವಿಲ್ಲ. ನಾನು ಹಾಗೆ ಹೇಳಬಾರದಿತ್ತು."

ಉತ್ತರ ಬಂದದ್ದು ವಿಮಾನ ನಿಲ್ದಾಣದಲ್ಲಿ, ಸಾಲಿನಲ್ಲಿ ನಿಂತಿದ್ದಾಗ. "ಆಗಲಿ. ಆದರೆ ಕನ್ನಡಿಗ ಅಂತಿದ್ದರೆ ಇನ್ನೂ ಐವತ್ತು ಜನ ಹೆಚ್ಚು ಬರುತ್ತಿದ್ದರು."

ಬರುತ್ತಿದ್ದರೇನೋ. ಬೂಟು ಬಿಚ್ಚಿ ಟ್ರೇಯಲ್ಲಿಟ್ಟು, ಬಂದಷ್ಟು ಜನಕ್ಕೆ ಆ ನೀಲಿ ದಾರದ ಕಥೆಯನ್ನು ಎಲ್ಲಿಂದ ಶುರು ಮಾಡುವುದು ಎಂದು ಯೋಚಿಸುತ್ತ ಮುಂದೆ ಸರಿದೆ.