ರೇಷ್ಮೆ ಗೂಡು ಕಾಯುವುದಿಲ್ಲ

ರೇಷ್ಮೆ ಹುಳು ಗೂಡು ಕಟ್ಟಿದ ಐದಾರನೆಯ ದಿನ ರೈತ ಅದನ್ನು ಚಂದ್ರಂಕಿಯಿಂದ ಬಿಡಿಸುತ್ತಾನೆ. ಇನ್ನೊಂದು ವಾರ ತಡವಾದರೆ ಒಳಗಿನ ಹುಳು ಚಿಟ್ಟೆಯಾಗಿ, ಗೂಡನ್ನು ತೂತು ಮಾಡಿ ಹೊರಬರುತ್ತದೆ. ತೂತಾದ ಗೂಡಿನಿಂದ ಎಳೆ ಬಿಚ್ಚಲಾಗದು. ಅಷ್ಟರೊಳಗೆ ಅದು ನೂಲು ಬಿಚ್ಚುವವರ ಕೈ ಸೇರಿ ಹಬೆಯಲ್ಲಿ ಬೆಂದಿರಬೇಕು. ಸಾಲದ್ದಕ್ಕೆ ದಿನ ಕಳೆದಂತೆ ತೂಕವೂ ಇಳಿಯುತ್ತದೆ. ರಾಗಿಯಂತೆ ಹಗೇವಿಗೆ ತುಂಬಿ, ಬೆಲೆ ಬರಲಿ ಎಂದು ಕಾಯುವ ಮಾತೇ ಇಲ್ಲ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ರೇಷ್ಮೆ ವ್ಯಾಪಾರದ ಚರಿತ್ರೆಯೆಲ್ಲ ಈ ಕೆಲವು ದಿನಗಳ ಅವಸರದ ಸುತ್ತ ಬೆಳೆದದ್ದು. ವಾಣಿಜ್ಯ ಶಾಸ್ತ್ರದವರು ‘ಪೂರೈಕೆ ಸರಪಳಿ’ ಎಂದು ಇಂದು ಕರೆಯುವುದನ್ನು ಇಲ್ಲಿಯವರು ಹೆಸರಿಲ್ಲದೆಯೇ ಬಲ್ಲರು.

ಟಿಪ್ಪು ಸುಲ್ತಾನ್ 1780ರ ದಶಕದಲ್ಲಿ ಬಂಗಾಳದಿಂದ ಹುಳು ತರಿಸಿ ಮೈಸೂರು ಸೀಮೆಯಲ್ಲಿ ಸಾಕಣೆಗೆ ಒತ್ತು ಕೊಟ್ಟ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ರೋಗ ಬಡಿದು ಉದ್ಯಮ ಸೊರಗಿತು. 1910ರ ದಶಕದಲ್ಲಿ ಮೈಸೂರು ಸರ್ಕಾರ ಇಟಲಿಯ ತಜ್ಞ ವಾಷಿಂಗ್ಟನ್ ಮಾರಿಯನ್ನು ಕರೆಸಿ, ಚನ್ನಪಟ್ಟಣದಲ್ಲಿ ರೇಷ್ಮೆ ಕ್ಷೇತ್ರ ತೆರೆಯಿತು. ರೋಗವಿಲ್ಲದ ಮೊಟ್ಟೆ ರೈತನಿಗೆ ತಲುಪದೆ ಮುಂದಿನ ಯಾವ ಕೊಂಡಿಯೂ ನಿಲ್ಲದು ಎಂಬುದು ಆಗಲೇ ಮನವರಿಕೆಯಾಗಿತ್ತು.

ಮಾಗಡಿಯ ಪಾತ್ರ ಸ್ವಾರಸ್ಯದ್ದು. ಮಾಗಡಿ ಮತ್ತು ಪಕ್ಕದ ಕುಣಿಗಲ್ ಪ್ರದೇಶ ಶುದ್ಧ ಮೈಸೂರು ತಳಿಯ ಬಿತ್ತನೆ ಗೂಡಿಗೆ ಮೀಸಲು. ಮೈಸೂರು ತಳಿಯ ಹೆಣ್ಣು ಚಿಟ್ಟೆಯನ್ನು ದ್ವಿತಳಿಯ ಗಂಡು ಚಿಟ್ಟೆಯೊಂದಿಗೆ ಕೂಡಿಸಿದರೆ ಮಿಶ್ರತಳಿಯ ಮೊಟ್ಟೆ ದೊರೆಯುತ್ತದೆ. ಹೀಗಾಗಿ ಮಾಗಡಿಯ ಗೂಡಿನಿಂದ ಚಿಟ್ಟೆ ಬಂದರೇ ಲಾಭ; ರಾಮನಗರಕ್ಕೆ ಹೋದ ಗೂಡಿನಿಂದ ಚಿಟ್ಟೆ ಬಂದರೆ ನಷ್ಟ. ಒಂದೇ ಕಸುಬಿನ ಎರಡು ಗೂಡು, ಎರಡು ಮಾರುಕಟ್ಟೆ.

ಗೂಡು ಕಾಯುವುದಿಲ್ಲ ಎಂಬುದು ರೈತನಿಗಿಂತ ಚೆನ್ನಾಗಿ ದಲ್ಲಾಳಿಗೆ ಗೊತ್ತಿತ್ತು. ಊರಿಗೇ ಬಂದು, ಮುಂಗಡ ಸಾಲ ಕೊಟ್ಟು, ತಾನು ಹೇಳಿದ ಬೆಲೆಗೆ, ತಾನು ತೂಗಿದ ತೂಕಕ್ಕೆ ಕೊಳ್ಳುತ್ತಿದ್ದ. ಬೇಡವೆಂದರೆ ರೈತ ಇನ್ನೆಲ್ಲಿಗೆ ಹೋದಾನು? ಈ ಗಂಟನ್ನು ಬಿಡಿಸಲು ಬಂದದ್ದು 1959ರ ರೇಷ್ಮೆ ಬಿತ್ತನೆ ಮತ್ತು ಗೂಡು ನಿಯಂತ್ರಣ ಕಾಯಿದೆ. ಮೊಟ್ಟೆ ತಯಾರಿಸುವವರಿಗೂ ನೂಲು ಬಿಚ್ಚುವವರಿಗೂ ಪರವಾನಗಿ ಬೇಕಾಯಿತು. ಗೂಡು ಸರ್ಕಾರಿ ಮಾರುಕಟ್ಟೆಯಲ್ಲಿ, ಬಹಿರಂಗ ಹರಾಜಿನಲ್ಲೇ ಮಾರಾಟವಾಗಬೇಕಾಯಿತು.

ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ರಾಮನಗರದ ಮಾರುಕಟ್ಟೆ ಬೆಳೆದದ್ದು ಈ ಏರ್ಪಾಟಿನಿಂದ. ಕನಕಪುರದ ಹಿಪ್ಪುನೇರಳೆ ತೋಟದವರಷ್ಟೇ ಅಲ್ಲ, ದೂರದೂರದ ರೈತರೂ ಇಲ್ಲಿಗೆ ಗೂಡು ತರುತ್ತಾರೆ. ಕಾರಣ ಸರಳ. ಕೊಳ್ಳುವವರು ಅದೇ ಊರಿನ ಗಲ್ಲಿಗಳಲ್ಲಿದ್ದಾರೆ. ಹರಾಜಾದ ಗೂಡು ಅದೇ ದಿನ ಅವರ ಮನೆ ಸೇರುತ್ತದೆ. ರೀಲರ್ ಹಿಡಿ ಗೂಡು ಎತ್ತಿ, ಒತ್ತಿ, ಅಲುಗಿಸಿ ನೋಡುತ್ತಾನೆ. ಮಿಶ್ರತಳಿಯಲ್ಲಿ ಒಂದು ಕಿಲೋ ನೂಲಿಗೆ ಏಳೆಂಟು ಕಿಲೋ ಗೂಡು ಬೇಕು. ಆ ಲೆಕ್ಕ ಒಂದು ಕಿಲೋ ತಪ್ಪಿದರೂ ಅಂದಿನ ಲಾಭ ಹೋಯಿತು. ಹಿಂದಿನ ಕೂಗಾಟದ ಹರಾಜಿನ ಜಾಗಕ್ಕೆ ಈಗ ಇ-ಹರಾಜು ಬಂದಿದೆ. ಕೈಯಿಂದ ಮುಟ್ಟಿ ನೋಡುವುದು ಮಾತ್ರ ತಪ್ಪಿಲ್ಲ.

ಆದರೆ ಕಾಯಿದೆ ನೇರ್ಪಡಿಸಿದ್ದು ಸರಪಳಿಯ ಅರ್ಧವನ್ನು. ರೀಲರ್ ಗೂಡಿಗೆ ಕೂಡಲೇ ಹಣ ಕೊಡಬೇಕು. ನೂಲನ್ನು ಮಾತ್ರ ಸಾಲಕ್ಕೆ ಮಾರಿ ವಾರಗಟ್ಟಲೆ ಕಾಯಬೇಕು. ಚಿಕ್ಕ ಬಂಡವಾಳದ ರೀಲರ್ ಹೀಗೆ ನೂಲು ವರ್ತಕನ ಹಂಗಿಗೆ ಬಿದ್ದ. ರೈತನ ಹೆಗಲಿನಿಂದ ಇಳಿದ ಭಾರ ಇನ್ನೊಬ್ಬನ ಹೆಗಲೇರಿತ್ತು. 1979ರಲ್ಲಿ ರೇಷ್ಮೆ ಮಾರಾಟ ಮಂಡಳಿ ಸ್ಥಾಪನೆಯಾಯಿತು, ಕಾಯಿದೆ ನೂಲಿಗೂ ವಿಸ್ತರಿಸಿತು, ಬೆಂಗಳೂರಿನಲ್ಲಿ ರೇಷ್ಮೆ ವಿನಿಮಯ ಕೇಂದ್ರ ಬಂತು. ಆದರೂ ಸಾಲದ ವ್ಯವಹಾರ ಪೂರ್ತಿ ಅಳಿಯಲಿಲ್ಲ.

ಹರಾಜು ನ್ಯಾಯವಾದ ಬೆಲೆಯನ್ನು ಕಂಡುಹಿಡಿಯಬಲ್ಲದು, ಬೆಲೆಯನ್ನು ಹುಟ್ಟಿಸಲಾರದು. 2011ರ ಕೇಂದ್ರ ಬಜೆಟ್ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ 30ರಿಂದ ಶೇ 5ಕ್ಕೆ ಇಳಿಸಿದಾಗ ಇದು ಬಯಲಾಯಿತು. ಚೀನಾದ ನೂಲು ಅಗ್ಗವಾದೀತೆಂದು ರೀಲರ್‌ಗಳು ಕೈ ಹಿಂದೆಗೆದರು, ಗೂಡಿನ ಬೆಲೆ ಕುಸಿಯಿತು, ರೈತರು ಬೀದಿಗಿಳಿದರು. ಅಗ್ಗದ ನೂಲಿನಿಂದ ನೇಕಾರನಿಗೆ ಅನುಕೂಲವೆಂಬ ವಾದದಲ್ಲಿ ಹುರುಳಿಲ್ಲದಿಲ್ಲ. ಆದರೆ ನೇಕಾರ ನೂಲನ್ನು ಕಪಾಟಿನಲ್ಲಿಟ್ಟು ಕಾಯಬಲ್ಲ, ವರ್ತಕನೂ ಕಾಯಬಲ್ಲ. ಸುಂಕ ಮತ್ತೆ ಶೇ 15ಕ್ಕೆ ಏರಿದ್ದು 2013ರ ಬಜೆಟ್‌ನಲ್ಲಿ. ಅಷ್ಟರಲ್ಲಿ ಎರಡು ವರ್ಷಗಳ ಬೆಳೆ, ಸಿಕ್ಕಿದ ಬೆಲೆಗೆ, ಮಾರುಕಟ್ಟೆ ದಾಟಿ ಹೋಗಿತ್ತು.