ಐ.ಎನ್.ಎಸ್. ಚಪಲ

ಭಾರತೀಯ ನೌಕಾಪಡೆಯಲ್ಲಿ 1976ರಿಂದ 2005ರವರೆಗೆ ಸೇವೆ ಸಲ್ಲಿಸಿ, ಅನಂತರ ಕಾರವಾರದ ರವೀಂದ್ರನಾಥ ಠಾಗೂರ್ ಕಡಲತೀರದಲ್ಲಿ ವಸ್ತುಸಂಗ್ರಹಾಲಯವಾಗಿ ನೆಲೆಗೊಂಡ ಸಣ್ಣ ಕ್ಷಿಪಣಿ ದೋಣಿ. ಸೋವಿಯತ್ ಒಕ್ಕೂಟದಲ್ಲಿ ನಿರ್ಮಿತವಾದ ಓಸಾ ವರ್ಗದ ಎರಡನೆಯ ಮಾದರಿಗೆ ಸೇರಿದ್ದು. ಇದರ ಗುರುತಿನ ಸಂಖ್ಯೆ ಕೆ-94.

ಅಲ್ಪಗಾತ್ರದ ದೋಣಿಯೊಂದು ಮಹಾನೌಕೆಯನ್ನು ದೂರದಿಂದಲೇ ಮುಳುಗಿಸಬಲ್ಲುದೆಂಬ ಸಂಗತಿಯು, 1967ರ ಅಕ್ಟೋಬರ್ 21ರಂದು ಪೋರ್ಟ್ ಸೈದ್ ಬಳಿ ಈಜಿಪ್ಟಿನ ಕ್ಷಿಪಣಿ ದೋಣಿಗಳು ಇಸ್ರೇಲಿನ ಐಲಾತ್ ಎಂಬ ವಿಧ್ವಂಸಕ ನೌಕೆಯನ್ನು ಮುಳುಗಿಸಿದಾಗ, ಜಗತ್ತಿನ ನೌಕಾತಜ್ಞರಿಗೆಲ್ಲ ಮನದಟ್ಟಾಯಿತು. ಭಾರತವು ಓಸಾ ವರ್ಗದ ಮೊದಲ ಮಾದರಿಯ ಎಂಟು ದೋಣಿಗಳನ್ನು 1971ರಲ್ಲಿ ಪಡೆಯಿತು. ಇವು ತೀರರಕ್ಷಣೆಗಾಗಿ ರಚಿತವಾದವು. ಬಹುದೂರ ಸಾಗಲು ಇವುಗಳಲ್ಲಿ ತುಂಬುವ ಇಂಧನ ಸಾಲದು. ಆದುದರಿಂದ ಅವನ್ನು ದೊಡ್ಡ ಹಡಗುಗಳ ಹಿಂದೆ ಕಟ್ಟಿ ಎಳೆದೊಯ್ಯುವ ಅಭ್ಯಾಸವನ್ನು ನಮ್ಮ ನಾವಿಕರು ಮಾಡಿಕೊಂಡರು. ಅದೇ ವರ್ಷದ ಭಾರತ-ಪಾಕಿಸ್ತಾನ ಯುದ್ಧದಲ್ಲಿ, ಡಿಸೆಂಬರ್ 4ರ ರಾತ್ರಿ, ನಿಪಾತ್, ನಿರ್ಘಾತ್ ಮತ್ತು ವೀರ್ ಎಂಬ ಮೂರು ದೋಣಿಗಳು ಕರಾಚಿಯ ಮೇಲೆ ನಡೆಸಿದ ದಾಳಿಯಲ್ಲಿ ಪಾಕಿಸ್ತಾನದ ಖೈಬರ್ ಎಂಬ ವಿಧ್ವಂಸಕ ನೌಕೆಯೂ ಮುಹಾಫಿಜ್ ಎಂಬ ಸಿಡಿಗುಂಡುನಾಶಕ ನೌಕೆಯೂ ಮುಳುಗಿದವು. ಡಿಸೆಂಬರ್ 8ರ ರಾತ್ರಿ ವಿನಾಶ್ ಎಂಬ ಇನ್ನೊಂದು ದೋಣಿಯು ಕರಾಚಿಯ ಮೇಲೆ ಎರಡನೆಯ ದಾಳಿ ನಡೆಸಿತು.

ಈ ದಾಳಿಗಳಲ್ಲಿ ಚಪಲವೂ ಇದ್ದಿತೆಂಬ ಮಾತು ಪತ್ರಿಕಾಲೇಖನಗಳಲ್ಲಿಯೂ ಪ್ರವಾಸಿಗರ ಬಾಯಲ್ಲಿಯೂ ಹಬ್ಬಿದೆ. ಅದು ಸರಿಯಲ್ಲ. ಕರಾಚಿಯ ಜಯದಿಂದ ಈ ಬಗೆಯ ದೋಣಿಗಳಲ್ಲಿ ವಿಶ್ವಾಸ ನೆಲೆಗೊಂಡ ಮೇಲೆ, 1976–77ರಲ್ಲಿ ಸೇರ್ಪಡೆಯಾದ ಎರಡನೆಯ ತಂಡದ ಎಂಟು ದೋಣಿಗಳಲ್ಲಿ ಇದೊಂದು. ಇದು ಸೇವೆಗೆ ಸೇರಿದುದು 1976ರ ನವೆಂಬರ್ 4ರಂದು. ಸೋದರ ದೋಣಿಗಳ ಕೀರ್ತಿಯನ್ನು ಇದರ ಮೇಲೆ ಹೊರಿಸುವುದರಿಂದ, ಸುಮಾರು ಇಪ್ಪತ್ತೆಂಟೂವರೆ ವರ್ಷ ಕಾವಲಿನ ಕರ್ತವ್ಯವನ್ನು ನಿರ್ವಹಿಸಿದ ದೋಣಿಗೆ ಸಲ್ಲಬೇಕಾದ ಗೌರವವು ಮರೆಯಾಗುವುದೆಂದೇ ಹೇಳಬೇಕು. ಯುದ್ಧ ಒದಗದಿದ್ದರೂ ಅದಕ್ಕೆ ಸದಾ ಸನ್ನದ್ಧವಾಗಿರುವುದು ನೌಕಾಸೇವೆಯಲ್ಲಿ ಕಿರಿದಾದ ಕೆಲಸವಲ್ಲ.

ದೋಣಿಯ ಉದ್ದ 38.6 ಮೀಟರ್, ಅಗಲ 7.6 ಮೀಟರ್; ಪೂರ್ಣಭಾರದಲ್ಲಿ ತೂಕ ಸುಮಾರು 245 ಟನ್. ಒಡಲು ಉಕ್ಕಿನದು, ಭಾರವನ್ನು ತಗ್ಗಿಸುವ ಸಲುವಾಗಿ ಮೇಲಣ ಕಟ್ಟೋಣವನ್ನು ಹಗುರವಾದ ಮಿಶ್ರಲೋಹದಿಂದ ರಚಿಸಲಾಗಿದೆ. ಮೂರು ಡೀಸೆಲ್ ಎಂಜಿನ್‌ಗಳು, ಒಂದೊಂದೂ 5,000 ಅಶ್ವಶಕ್ತಿಯದು, 40 ನಾಟಿಗೆ ಸಮೀಪವಾದ ವೇಗವನ್ನು ಕೊಡುತ್ತಿದ್ದವು. ಅಟ್ಟದ ಇಕ್ಕೆಲಗಳಲ್ಲಿ ಎರಡೆರಡರಂತೆ, ಮೂತಿಯನ್ನು ತುಸು ಮೇಲೆತ್ತಿ ಓರೆಯಾಗಿ ನಿಂತಿರುವ ನಾಲ್ಕು ದಪ್ಪ ಕೊಳವೆಗಳೇ ಇದರ ಮುಖ್ಯ ಲಕ್ಷಣ. ಮೊದಲ ಮಾದರಿಯಲ್ಲಿ ಇವುಗಳ ಸ್ಥಾನದಲ್ಲಿ ಪೆಟ್ಟಿಗೆಯಾಕಾರದ ಗೂಡುಗಳಿದ್ದವು. ರೆಕ್ಕೆಗಳನ್ನು ಮಡಿಸಿಡಬಹುದಾದ ಹೊಸ ಕ್ಷಿಪಣಿ ಬಂದಮೇಲೆ ಅಷ್ಟು ವಿಸ್ತಾರವಾದ ಗೂಡು ಬೇಕಾಗಲಿಲ್ಲ. ಕೊಳವೆಗೊಂದರಂತೆ ಇದ್ದ ಪಿ-15 ಜಾತಿಯ ಕ್ಷಿಪಣಿಯು ಎರಡು ಟನ್ನಿಗೂ ಮಿಗಿಲಾದ ತೂಕದ್ದು. ಘನ ಇಂಧನದ ರಾಕೆಟ್ಟೊಂದು ಅದನ್ನು ಮೇಲೆಬ್ಬಿಸಿ ಕಳಚಿಬಿದ್ದ ಮೇಲೆ, ಪರಸ್ಪರ ಸೋಕಿದೊಡನೆ ತಾವಾಗಿಯೇ ಹೊತ್ತಿಕೊಳ್ಳುವ ಎರಡು ದ್ರವಗಳ ಬಲದಿಂದ ಅದು ಮುಂದೆ ಹಾರುತ್ತಿತ್ತು. ಅವುಗಳಲ್ಲಿ ಒಂದು ನೈಟ್ರಿಕ್ ಆಮ್ಲದಿಂದಾದುದು. ಇಂತಹ ದ್ರವಗಳನ್ನು ತುಂಬುವವರಿಗೆ ಇರಬೇಕಾದ ಎಚ್ಚರವನ್ನು ಓದುಗರೇ ಊಹಿಸಿಕೊಳ್ಳಬಹುದು. ಆತ್ಮರಕ್ಷಣೆಗೆಂದು ಮುಂದೊಂದು, ಹಿಂದೊಂದು ಜೋಡಿನಳಿಗೆಯ 30 ಮಿಲಿಮೀಟರ್ ಫಿರಂಗಿಗಳಿದ್ದವು. ಸುಮಾರು ಮೂವತ್ತು ಮಂದಿ ಈ ಇಕ್ಕಟ್ಟಿನಲ್ಲಿಯೇ ಉಂಡು, ಮಲಗಿ, ಕೆಲಸಮಾಡಬೇಕಾಗಿದ್ದಿತು.

2005ರ ಮೇ 5ರಂದು ಚಪಲವು ಸೇವೆಯಿಂದ ನಿವೃತ್ತವಾಯಿತು. ಅದೇ ತಿಂಗಳ 31ರಂದು ಕಾರವಾರದ ದಕ್ಷಿಣಕ್ಕೆ, ಸೀಬರ್ಡ್ ಯೋಜನೆಯ ನೆಲೆಯಾದ ಐ.ಎನ್.ಎಸ್. ಕದಂಬ ಕಾರ್ಯಾರಂಭ ಮಾಡಿದುದು ಗಮನಾರ್ಹ. ಮುಂಬಯಿ ಕೊಚ್ಚಿಗಳ ನಡುವೆ ಮತ್ತೊಂದು ನೌಕಾನೆಲೆ ಬೇಕೆಂಬ ವಿಚಾರವು 1971ರ ಯುದ್ಧಾನುಭವದಿಂದಲೇ ಬಲಗೊಂಡು, 1986ರ ಅಕ್ಟೋಬರ್‌ನಲ್ಲಿ ರಾಜೀವ ಗಾಂಧಿಯವರು ಅದಕ್ಕೆ ಅಡಿಗಲ್ಲಿಟ್ಟಿದ್ದರು. ಆ ನೆಲೆಗಾಗಿ ಊರುಮನೆಗಳನ್ನು ಬಿಟ್ಟುಕೊಟ್ಟ ಕರಾವಳಿಯ ಜನರಿಗೆ ನೌಕಾಪಡೆಯ ನೌಕೆಯೊಂದನ್ನು ಹತ್ತಿ ನೋಡುವ ಅವಕಾಶ ದೊರೆತುದು ಉಚಿತವೇ ಆಯಿತು. 2006ರಲ್ಲಿ ಕಡಲತೀರದಲ್ಲಿ, ಹೆದ್ದಾರಿಯ ಪಕ್ಕದಲ್ಲಿಯೇ, ಇದನ್ನು ಸಾರ್ವಜನಿಕರಿಗೆ ತೆರೆಯಲಾಯಿತು. ಒಳಗೆ ನಾಯಕನ ಹಾಗೂ ನಾವಿಕರ ಪ್ರತಿಕೃತಿಗಳನ್ನೂ ಕ್ಷಿಪಣಿಗಳ ಮಾದರಿಗಳನ್ನೂ ಇರಿಸಲಾಗಿದೆ. ಸೇವೆಯಿಂದ ನಿವೃತ್ತವಾದ ಟುಪೊಲೆವ್-142 ಗಸ್ತು ವಿಮಾನವೊಂದನ್ನು ಈಚೆಗೆ ಅದರ ಬಳಿಯಲ್ಲಿಯೇ ಸ್ಥಾಪಿಸಿದ್ದಾರೆ.